ಸೇವ್ ಆಗದ ಸೆಟ್ಟಿಂಗ್

ಕೇಳುಗರಿಗೆ ನಮಸ್ಕಾರ.

ಯಾವುದೋ ಹಳೇ ಲೆಕ್ಕದ ಸಾಫ್ಟ್‌ವೇರ್. ಸೆಟ್ಟಿಂಗ್ ಬದಲಿಸಿ ಸೇವ್ ಒತ್ತುತ್ತೀರಿ. ‘ಆಕ್ಸೆಸ್ ಡಿನೈಡ್’ ಅನ್ನುತ್ತದೆ. ದುಡ್ಡು ಕೊಟ್ಟು ತಂದ ಕಂಪ್ಯೂಟರು, ನಮಗೇ ಬಾಗಿಲು ಹಾಕುತ್ತದೆ. ಸಿಟ್ಟು ಬರುತ್ತದೆ, ಅಲ್ವಾ?

ಇದರ ಬೇರು ಹಳೆಯದು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಗಳಲ್ಲಿ ಜಾಸ್ತಿ ಜನ ಎಲ್ಲ ಅಧಿಕಾರವೂ ಇರುವ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲೇ ಕೂರುತ್ತಿದ್ದರು. ಹಾಗಾಗಿ ಎಷ್ಟೋ ಸಾಫ್ಟ್‌ವೇರ್‌ಗಳು ತಮ್ಮ ಸೆಟ್ಟಿಂಗನ್ನೂ, ತಾವು ಇನ್‌ಸ್ಟಾಲ್ ಆಗುವ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೇ ಬರೆಯುತ್ತಿದ್ದವು. 2007ರಲ್ಲಿ ಎಕ್ಸ್‌ಪಿಯ ಮುಂದಿನ ವಿಂಡೋಸ್, ವಿಸ್ತಾ, ಮನೆಗಳಿಗೆ ಬಂತು. ಆಮೇಲೆ ಅಡ್ಮಿನ್ ಖಾತೆಯಲ್ಲಿದ್ದರೂ, ಅನುಮತಿ ಕೊಡುವ ತನಕ ಪ್ರೋಗ್ರಾಂಗೆ ಸಾಮಾನ್ಯ ಬಳಕೆದಾರನ ಅಧಿಕಾರ ಮಾತ್ರ. ಪ್ರೋಗ್ರಾಂ ಫೈಲ್ಸ್‌ಗೆ ಬರೆಯಲು ಅದು ಸಾಲದು.

ಹಳೇ ಪ್ರೋಗ್ರಾಂಗಳು ಕೈಕೊಡಬಾರದು ಅಂತ ಮೈಕ್ರೋಸಾಫ್ಟ್ ಒಂದು ಉಪಾಯ ಹೂಡಿತು. ಹೆಸರು ವರ್ಚುವಲ್‌ಸ್ಟೋರ್. ಪ್ರೋಗ್ರಾಂ ಫೈಲ್ಸ್‌ಗೆ ಬರೆಯಲು ಹೊರಟ ಫೈಲನ್ನು ಅದು ಸದ್ದಿಲ್ಲದೆ ನಿಮ್ಮ ಸ್ವಂತ ಆ್ಯಪ್‌ಡೇಟಾ ಫೋಲ್ಡರಿಗೆ ತಿರುಗಿಸುತ್ತದೆ. ಈ ಉಪಾಯ ಎಲ್ಲ ಪ್ರೋಗ್ರಾಂಗೂ ನಡೆಯಲ್ಲ, ನಡೆಯದ ಕಡೆ ಆ ‘ಆಕ್ಸೆಸ್ ಡಿನೈಡ್’. ನಡೆದರೆ, ಸೇವ್ ಆಯಿತು ಅಂತ ನೀವು ಸುಮ್ಮನಾಗುತ್ತೀರಿ. ಆದರೆ ನಿಮ್ಮ ತಮ್ಮ ತನ್ನ ಲಾಗಿನ್‌ನಲ್ಲಿ ತೆರೆದರೆ ಹಳೇ ಸೆಟ್ಟಿಂಗೇ ಕಾಣುತ್ತದೆ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆದರೆ ನಿಮಗೂ ಹಳೆಯದೇ! ಒಂದೇ ಹೆಸರಿನ ಎರಡು ಫೈಲು, ಒಂದೊಂದು ಕಡೆ ಒಂದೊಂದು. ನನ್ನ ಪ್ರಕಾರ ಇದಕ್ಕಿಂತ ‘ಆಗಲ್ಲ’ ಅಂತ ನೇರವಾಗಿ ಹೇಳಿದ್ದರೇ ವಾಸಿಯಿತ್ತು.

ವಿಂಡೋಸ್ ಬದಲು ಲಿನಕ್ಸ್ ಇದ್ದರೆ ಇನ್ನೊಂದು ಬಗೆ. ಅಲ್ಲಿ ಪ್ರತಿ ಫೈಲಿಗೂ ಒಬ್ಬ ಒಡೆಯ. ಅಡ್ಮಿನ್ ಅಧಿಕಾರದಲ್ಲಿ ಕೆಲಸ ಮಾಡಿಸುವ ಸುಡೋ (sudo) ಆದೇಶ ಹಾಕಿ ನಿಮ್ಮ ಹೋಮ್ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡಿದರೆ ಅದರ ಒಡೆಯ ನೀವಲ್ಲ, ರೂಟ್, ಅಂದರೆ ಲಿನಕ್ಸ್‌ನ ಅಡ್ಮಿನ್ ಖಾತೆ. ನಾಳೆ ಸುಡೋ ಇಲ್ಲದೆ ಅದನ್ನು ತಿದ್ದಲು ಹೋದರೆ ‘ಪರ್ಮಿಷನ್ ಡಿನೈಡ್’. ಆಗ ಯಾರೋ ಪುಣ್ಯಾತ್ಮರು ಅನುಮತಿ ಬದಲಿಸುವ ಚ್‌ಮಾಡ್ (chmod) 777 ಹೊಡಿ ಅನ್ನುತ್ತಾರೆ. ಅಂದರೆ ಆ ಯಂತ್ರದಲ್ಲಿರುವ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಓಡಿಸಬಹುದು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ (SSH) ಖಾಸಗಿ ಕೀ ಫೈಲಿಗೆ ಹೀಗೆ ಮಾಡಿ ನೋಡಿ, ಇಷ್ಟು ಬಯಲಾದ ಕೀ ನನಗೆ ಬೇಡ ಅಂತ ಎಸ್‌ಎಸ್‌ಎಚ್ ತಳ್ಳಿಹಾಕುತ್ತದೆ. ಅದಕ್ಕೆ 600 ಸಾಕು, ಒಡೆಯ ಮಾತ್ರ ಓದಿ ಬರೆಯುವಷ್ಟು. ರೂಟ್ ಪಾಲಾದ ಫೈಲಿಗೆ ಬೇಕಾದ್ದು ಒಡೆಯನನ್ನು ಬದಲಿಸುವ ಚೌನ್ (chown), ಒಡೆತನ ನಿಮ್ಮ ಹೆಸರಿಗೆ ಬಂದರೆ ಕೆಲಸ ಮುಗಿಯಿತು.

ಆಫೀಸಿನ ಕಂಪ್ಯೂಟರಾದರೆ ಅಡ್ಮಿನ್ ಪಾಸ್‌ವರ್ಡ್ ಕೊಡಿ ಅಂತ ಐಟಿಯವರನ್ನು ಕೇಳಲು ಹೋಗಬೇಡಿ, ಕೊಡುವುದೂ ಇಲ್ಲ. ಸೆಟ್ಟಿಂಗನ್ನು ನಿಮ್ಮ ಫೋಲ್ಡರಿನಲ್ಲಿ ಇಡುವ ಆಯ್ಕೆ ಸಾಫ್ಟ್‌ವೇರ್‌ನಲ್ಲೇ ಇದೆಯಾ ಅಂತ ಮೊದಲು ನೋಡಿ. ಇಲ್ಲವಾದರೆ ಸೆಟ್ಟಿಂಗ್ ಇರುವ ಆ ಒಂದು ಫೋಲ್ಡರಿಗೆ ಮಾತ್ರ ಬರೆಯುವ ಅನುಮತಿ ಕೇಳಿ. ಪ್ರಾಪರ್ಟೀಸ್‌ನ ಸೆಕ್ಯುರಿಟಿ ಟ್ಯಾಬಿನಲ್ಲಿ ಅವರು ಅದನ್ನು ಕೊಡಬಹುದು.

ನಮಸ್ಕಾರ.