ಕನಸಿನ ಕಾಡಿನಲ್ಲಿ ಕೇಳುವ ಸದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಕನ್ನಡದಲ್ಲಿ ‘ಕಾಡು’ ಎಂಬ ಒಂದೇ ರೂಪ ಎರಡು ಕೆಲಸ ಮಾಡುತ್ತದೆ. ನಾಮಪದವಾದರೆ ಅದು ಅಡವಿ. ಕ್ರಿಯಾಪದವಾದರೆ ಪೀಡಿಸು, ಬೆನ್ನುಬಿಡದಿರು. ಎರಡಕ್ಕೂ ಮೂಲ ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ಆದರೆ ಕತ್ತಲ ಕಾಡಿನಲ್ಲಿ ದಾರಿ ತಪ್ಪಿದ ಕನಸು ಬಿದ್ದು ನಡುರಾತ್ರಿ ಎದ್ದು ಕುಳಿತವರಿಗೆ ಈ ಎರಡು ಅರ್ಥಗಳನ್ನು ಬಿಡಿಸಿ ನೋಡುವುದು ಕಷ್ಟವೇ.

ನಾನು ಬೆಳೆದದ್ದು ಮಲೆನಾಡಿನ ಅಡಿಕೆ ತೋಟದ ಮನೆಯೊಂದರಲ್ಲಿ. ಹಿತ್ತಿಲು ದಾಟಿದರೆ ಕಾನು, ಅಂದರೆ ದಟ್ಟ ಕಾಡು. ಎಂಟೊಂಬತ್ತರ ವಯಸ್ಸಿನಲ್ಲಿ ಒಂದು ರಾತ್ರಿ ಕನಸಿನಲ್ಲಿ ಆ ಕಾನಿನ ನಡುವೆ ಒಬ್ಬನೇ ನಿಂತಿದ್ದೆ. ಕೈಯಲ್ಲಿದ್ದ ಬ್ಯಾಟರಿ ಹೊತ್ತುತ್ತಿರಲಿಲ್ಲ, ಎಲ್ಲಿಯೋ ಯಾರೋ ಎಡೆಬಿಡದೆ ಮರ ಕಡಿಯುತ್ತಿದ್ದರು. ಚೀರಿಕೊಂಡು ಎದ್ದರೆ, ಜಗಲಿಯಲ್ಲಿ ಕೊನೆಕೊಯ್ಲಿನ ಅಡಿಕೆ ಸುಲಿಯುವವರ ಕೆಲಸ ಇನ್ನೂ ಮುಗಿದಿರಲಿಲ್ಲ. ಮೆಟ್ಟುಗತ್ತಿಯಿಂದ ಬುಟ್ಟಿಗೆ ಬೀಳುತ್ತಿದ್ದ ಅಡಿಕೆಯ ಟಪ್ ಟಪ್ ಸದ್ದೇ ನನ್ನ ಕನಸಿನ ಕೊಡಲಿಯಾಗಿತ್ತು. ಅಜ್ಜಿ ನೀರು ಕುಡಿಸಿ ಕೇಳಿದ್ದು ಇಷ್ಟೇ: “ಎಂತ ಕಂಡೆ ಅಂತ ಬೇಡ ಮಾಣಿ, ಎಂತ ಕೇಳ್ತು ಹೇಳು.”

ಸ್ವಪ್ನಫಲ ಹೇಳುವ ಅಗ್ಗದ ಪುಸ್ತಕಗಳು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಕಾಡು ಕಂಡರೆ ಕಷ್ಟ, ಕಾಡಿನಿಂದ ಹೊರಬಂದರೆ ಸುಖ ಎಂದು ಒಂದು ಸಾಲಿನಲ್ಲಿ ತೀರ್ಪು ಕೊಟ್ಟುಬಿಡುತ್ತವೆ. ನಮ್ಮ ಹಳಬರು ಇದಕ್ಕಿಂತ ಹೆಚ್ಚು ಎಚ್ಚರದವರು. ಆಯುರ್ವೇದ ಗ್ರಂಥವಾದ ಚರಕಸಂಹಿತೆಯ ಇಂದ್ರಿಯಸ್ಥಾನವೆಂಬ ಭಾಗದ ಒಂದು ಅಧ್ಯಾಯದಲ್ಲಿ ಬಿದಿರು, ಬೆತ್ತ, ಬಳ್ಳಿ, ಮುಳ್ಳುಗಳ ನಡುವೆ ಸಿಕ್ಕಿಕೊಳ್ಳುವ ಕನಸನ್ನು ಅಶುಭವೆಂದು ಹೇಳಿರುವುದು ನಿಜ. ಆದರೆ ಅದೇ ಅಧ್ಯಾಯ ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಎಂಬ ಮೊದಲ ಐದಕ್ಕೆ ಫಲವೇ ಇಲ್ಲವೆಂದು ತಳ್ಳಿಹಾಕುತ್ತದೆ. ಆ ಲೆಕ್ಕದಲ್ಲಿ ನನ್ನ ಕನಸು ಬರೀ ‘ಶ್ರುತ’, ಕೇಳಿದ್ದು. ಅಡಿಕೆ ಸುಲಿದು ಮುಗಿದರೆ ಅದೂ ಮುಗಿಯಿತು.

ಹಾಗಾದರೆ ಆ ಸದ್ದು ಕಾಡನ್ನೇ ಏಕೆ ಆರಿಸಿಕೊಂಡಿತು, ಅಂಗಡಿಬೀದಿಯನ್ನೇಕೆ ಅಲ್ಲ? ಕತ್ತಲ ಕಾಡು ಎಂದರೆ ಕಣ್ಣು ಸೋಲುವ ಜಾಗ; ಕಣ್ಣು ಸೋತಲ್ಲಿ ಕಿವಿ ಚುರುಕಾಗುತ್ತದೆ, ಕಿವಿಗೆ ಬಿದ್ದದ್ದಕ್ಕೆ ಮನಸ್ಸು ರೂಪ ಕಟ್ಟಿಕೊಡುತ್ತದೆ. ಇದನ್ನು ಋಗ್ವೇದದ ಹತ್ತನೆಯ ಮಂಡಲದ 146ನೆಯ ಸೂಕ್ತ, ಅರಣ್ಯದೇವತೆ ಅರಣ್ಯಾನಿಯನ್ನು ಕುರಿತ ಆರೇ ಮಂತ್ರಗಳ ಪುಟ್ಟ ಸೂಕ್ತ, ಬೆರಗಾಗುವಷ್ಟು ನಿಖರವಾಗಿ ಹಿಡಿದಿದೆ. ಸಂಜೆ ಕಾಡಿನಲ್ಲಿ ಉಳಿದವನಿಗೆ ದನಗಳು ಮೇಯುತ್ತಿರುವಂತೆ, ಅಲ್ಲೊಂದು ಮನೆ ಇರುವಂತೆ, ಗಾಡಿ ಕಿರುಗುಟ್ಟಿದಂತೆ, ಯಾರೋ ಹಸುವನ್ನು ಕರೆದಂತೆ, ಇನ್ಯಾರೋ ಮರ ಕಡಿದಂತೆ, ಕೊನೆಗೆ ಯಾರೋ ಚೀರಿದಂತೆ ಭಾಸವಾಗುತ್ತದೆ. ಆದರೆ ಬೇರೆ ಯಾರಾದರೂ ಮೇಲೆ ಬೀಳದ ಹೊರತು ಅರಣ್ಯಾನಿ ತಾನಾಗಿ ಯಾರನ್ನೂ ಕೊಲ್ಲಳು. ಉಳದೆಯೇ ಅನ್ನ ಕೊಡುವ ಅವಳು ಮೃಗಗಳ ತಾಯಿ. ಕೊಡಲಿಯ ಆ ಸದ್ದನ್ನು ಮೊದಲ ಸಲ ಓದಿದಾಗ ನಮ್ಮ ಮನೆಯ ಜಗಲಿ ನೆನಪಾಗಿ ಪುಸ್ತಕ ಮುಚ್ಚಿಟ್ಟಿದ್ದೆ.

ಹೆಸರಿನಲ್ಲಿಯೇ ಅರಣ್ಯವನ್ನು ಹೊತ್ತಿರುವ ಬೃಹದಾರಣ್ಯಕ ಉಪನಿಷತ್ತು ಕನಸಿನ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತದೆ. ತನ್ನನ್ನು ಯಾರೋ ಕೊಲ್ಲುವಂತೆ, ಆನೆ ಅಟ್ಟಿಸಿಕೊಂಡು ಬಂದಂತೆ, ಗುಂಡಿಗೆ ಬಿದ್ದಂತೆ ಕನಸುಗಾರನಿಗೆ ತೋರುವುದೆಲ್ಲ ಎಚ್ಚರದಲ್ಲಿ ಅವನು ಕಂಡ ಭಯವೇ ಎಂದು ನಾಲ್ಕನೆಯ ಅಧ್ಯಾಯ ಹೇಳುತ್ತದೆ.

ಪಶ್ಚಿಮದ ಮನೋವಿಜ್ಞಾನಿಗಳಲ್ಲಿ ಫ್ರಾಯ್ಡ್ ಅವರು ಕಾಡನ್ನೂ ಪೊದೆಯನ್ನೂ ದೇಹದ ಸಂಕೇತವಾಗಿ ಓದಿದರು. ಮನೆಮಂದಿಯೆಲ್ಲ ಕೂತು ಕೇಳುವ ಹೊತ್ತಿನಲ್ಲಿ ಅದನ್ನು ವಿಸ್ತರಿಸುವುದು ಬೇಡ. ಯೂಂಗ್ ಅವರ ಓದು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. 1942ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ ಅವರು ಗ್ರಿಮ್ ಸೋದರರು ಸಂಗ್ರಹಿಸಿದ ಒಂದು ಕಥೆಯನ್ನು ಎತ್ತಿಕೊಂಡರು: ಬಡ ಸೌದೆಗಾರನ ಮಗನಿಗೆ ಕಾಡಿನಲ್ಲಿ ಓಕ್ ಮರದ ಬೇರುಗಳ ನಡುವಿನಿಂದ ‘ನನ್ನನ್ನು ಹೊರಗೆ ಬಿಡು’ ಎಂಬ ದನಿ ಕೇಳಿಸುತ್ತದೆ, ಅಗೆದರೆ ಸೀಸೆಯೊಳಗೆ ಒಂದು ಭೂತ. ಕಣ್ಣು ತೂರದ ಕಾಡು, ಆಳದ ನೀರಿನ ಹಾಗೆ, ಅರಿಯದ್ದನ್ನು ಒಳಗಿಟ್ಟುಕೊಂಡ ಪಾತ್ರೆ, ಆದ್ದರಿಂದ ಅದು ಸುಪ್ತಮನಸ್ಸಿಗೆ ತಕ್ಕ ಹೆಸರು ಎಂಬುದು ಯೂಂಗರ ವಾದ. ಇಲ್ಲಿಯೂ ಮೊದಲು ಬಂದದ್ದು ದನಿ, ಆಮೇಲೆ ನೋಟ.

ಆದರೂ ಅವರ ಮಾತನ್ನು ಇಡಿಯಾಗಿ ಒಪ್ಪಲು ನನಗೆ ಮನಸ್ಸಾಗುವುದಿಲ್ಲ. ಸೊಪ್ಪಿನ ಬೆಟ್ಟಕ್ಕೆ ದಿನಾ ಹೋಗಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುವವರಿಗೆ, ಜೇನು ಕೀಳಲು ಒಳಗೊಳಗೆ ನಡೆದವರಿಗೆ ಕಾಡು ಅರಿಯದ ಪಾತ್ರೆಯಲ್ಲ. ಯಾವ ಮರದ ಬುಡದಲ್ಲಿ ಕಾಲುದಾರಿ ಕವಲೊಡೆಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅಂಥವರು ಕನಸಿನ ಕಾಡಿನಲ್ಲಿ ದಾರಿ ತಪ್ಪಿದರೆ ಅದು ಹೊಸದರ ಭಯವಲ್ಲ, ಬಲ್ಲದ್ದೇ ಗುರುತು ಸಿಗದಂತಾದ ಭಯ. ಮಗನ ಮನೆಗೆಂದು ಬೆಂಗಳೂರಿಗೆ ಬಂದು ನೆಲೆಸಿದ ಹಿರಿಯರು ಕಾಡಿನ ಕನಸು ಹೇಳುವಾಗ ದನಿ ಯಾಕೆ ಬೇರೆಯಾಗುತ್ತದೆ ಎಂಬುದು ಹೀಗೆ ನೋಡಿದರೆ ತುಸು ತಿಳಿಯುತ್ತದೆ.

ನಮ್ಮ ಊರಿನ ಮನೆಗೆ ಈಗ ಅಡಿಕೆ ಸುಲಿಯುವ ಯಂತ್ರ ಬಂದಿದೆ. ಅದು ಹಗಲಿನಲ್ಲಿಯೇ ಒಂದೇ ಸಮನೆ ಗುಂಯ್‌ಗುಡುತ್ತದೆ, ರಾತ್ರಿ ಜಗಲಿ ಖಾಲಿ. ಕಾನಿನ ಕನಸು ನನಗೆ ಈಗಲೂ ವರ್ಷಕ್ಕೊಂದೆರಡು ಸಲ ಬೀಳುತ್ತದೆ, ಬ್ಯಾಟರಿ ಈಗಲೂ ಹೊತ್ತುವುದಿಲ್ಲ. ಮರ ಕಡಿಯುವ ಸದ್ದು ಮಾತ್ರ ಕೇಳಿಸುತ್ತಿಲ್ಲ, ನಾನು ಅದಕ್ಕಾಗಿಯೇ ನಿಂತು ಕಾಯುತ್ತಿರುತ್ತೇನೆ.

ನಮಸ್ಕಾರ.