ಬಾವ್ಯಾಗ ಉಸಿರು ಹಿಡಿ, ಸಮುದ್ರದಾಗ ಬಿಡು: ಸ್ಕೂಬಾಕ್ಕ ಹೊಂಟೋರಿಗೆ ಒಂದು ವಿಡಿಯೋ

[ದೃಶ್ಯ: ಕಲಬುರಗಿ ಹತ್ತಿರದ ಹೊಲದ ಬಾವಿ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡ ಹುಡುಗ ದಂಡಿಯಿಂದ ಜಿಗೀತಾನ.]

ಎಲ್ಲರಿಗೂ ಶರಣು ಶರಣಾರ್ಥಿ.

ಹೋದ ವಾರ ಹುಮನಾಬಾದಿನ ಒಬ್ಬ ತಮ್ಮ ಮೆಸೇಜ್ ಹಾಕಿದ್ದ. "ಅಣ್ಣಾ, ಎಂಟು ಮಂದಿ ದೋಸ್ತರು ಮುರುಡೇಶ್ವರಕ್ಕ ಹೊಂಟೀವಿ, ನೇತ್ರಾಣಿ ದ್ವೀಪದಾಗ ಸ್ಕೂಬಾ ಮಾಡೋದದ. ಎಲ್ಲರಿಗೂ ಬಾವ್ಯಾಗ ಚಲೋ ಈಜು ಬರ್ತದ. ಅವರು ಒಂದು ಆರೋಗ್ಯದ ಫಾರ್ಮ್ ಕಳಿಸ್ಯಾರ. ಎಲ್ಲಾದಕ್ಕೂ 'ಇಲ್ಲ' ಅಂತ ಬರದ್ರ ನಡೀತದಲ್ಲ? ಒಬ್ಬಾತಗ ಸಣ್ಣಾಂವ ಇದ್ದಾಗ ದಮ್ಮಿತ್ತು, ಈಗ ಪಂಪ್ ಕಿಸೆದಾಗ ಇರ್ತದ, ಅಷ್ಟ."

ಆ 'ಅಷ್ಟ' ಅನ್ನೋ ಶಬ್ದಕ್ಕ ಈ ವಿಡಿಯೋ ಮಾಡಾಕತ್ತೀನಿ.

[ದೃಶ್ಯ: ನಕಾಶೆ. ಮುರುಡೇಶ್ವರ, ನೇತ್ರಾಣಿ.]

ಮೂಲ ಸಂಗತಿ ಲಗೂನ ಹೇಳಿಬಿಡ್ತೀನಿ. ಸ್ಕೂಬಾ ಅಂದ್ರ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು, ನೀರೊಳಗ ಉಸಿರಾಡಕೋತ ಮುಳುಗೋದು. ನೇತ್ರಾಣಿ ಮುರುಡೇಶ್ವರದ ದಂಡಿಯಿಂದ ಸುಮಾರು 19 ಕಿಲೋಮೀಟರ್ ಸಮುದ್ರದ ಒಳಗ ಅದ. ಮಳಿಗಾಲದಾಗ ಡೈವಿಂಗ್ ಬಂದ್. ಬೆನ್ನಿಗೆ ಕಟ್ಟೋ ಸಿಲಿಂಡರಿಗೆ ನಮ್ಮ ಮಂದಿ ಆಕ್ಸಿಜನ್ ಸಿಲಿಂಡರ್ ಅಂತಾರ, ಅದು ಅಲ್ಲ. ನಾವು ನೀವು ಉಸಿರಾಡೋ ಗಾಳಿನೇ, ಒತ್ತಿ ತುಂಬಿರ್ತಾರ. ಬಾಯಾಗ ಹಿಡಿಯೋದು ರೆಗ್ಯುಲೇಟರ್, ಸಿಲಿಂಡರಿನ ಗಾಳಿ ಅದರಿಂದ ಬಾಯಿಗೆ ಬರ್ತದ. ಮೊದಲ ಸಲ ಹೋಗೋರನ್ನ 12 ಮೀಟರ್‌ಗಿಂತ ಕೆಳಗ ಒಯ್ಯಂಗಿಲ್ಲ. 10 ವರ್ಷದ ಒಳಗಿನ ಮಕ್ಕಳು ಬ್ಯಾಡ, ಬಸುರಿದ್ದೋರು ಬ್ಯಾಡ. ಮುಗೀತು.

ಈಗ ನನ್ನ ಕಾಕಾನ ಮಾತು.

[ದೃಶ್ಯ: ಹಳೇ ಬಾವಿಯ ಮೆಟ್ಟಿಲು, ಹಸಿರು ನೀರು.]

ನಮ್ಮ ಓಣಿ ಬಾವ್ಯಾಗ ಕೊಡ ಬಿದ್ರ ಮೊದಲ ಪಾತಾಳಗರಡಿ ಬಿಡ್ತಿದ್ರು. ಅದಕ್ಕೂ ಸಿಗಲಿಲ್ಲ ಅಂದ್ರ ಕಾಕಾನ್ನ ಕರೀತಿದ್ರು. ಕಾಕಾ ಧೋತರದ ಚುಂಗು ಸಿಗಿಸಿ, ಎರಡು ಸಲ ಉಸಿರು ಎಳದು ಬಿಟ್ಟು, ಮೂರನೇದ್ದು ಎದಿ ತುಂಬ ಹಿಡಿದು ಮುಳಗತಿದ್ರು. ದಂಡಿ ಮ್ಯಾಲ ನಿಂತ ನಾವೂ ಉಸಿರು ಹಿಡಕೊಂಡು ನೋಡ್ತಿದ್ವಿ. ಮೊದಲ ಕೊಡ ಮ್ಯಾಲ ಬರ್ತಿತ್ತು, ಆಮ್ಯಾಲ ಕಾಕಾನ ತಲಿ. ನನಗ ಈಜು ಕಲಿಸಿದೋರೂ ಅವರೇ. "ಏನರೆ ಆಗ್ಲಿ, ಮ್ಯಾಲ ಬರೋತನಕ ಉಸಿರು ಬಿಡಬ್ಯಾಡ" ಅಂತ ಎಷ್ಟು ಸಲ ಹೇಳ್ಯಾರೋ ಲೆಕ್ಕ ಇಲ್ಲ. ಬಾವ್ಯಾಗ ಅದು ನೂರಕ್ಕ ನೂರು ಖರೆ.

ಸ್ಕೂಬಾದಾಗ ಅದೇ ಮಾತು ಜೀವ ತೆಗೀತದ.

ಹೆಂಗ ಅಂತ ನೋಡ್ರಿ. ಕಾಕಾ ದಂಡಿ ಮ್ಯಾಲ 6 ಲೀಟರ್ ಗಾಳಿ ತುಂಬಕೊಂಡ್ರು ಅನ್ರಿ. ಸುಮಾರು 10 ಮೀಟರ್ ಕೆಳಗ, ಅಂದ್ರ ಆರಾಳು ಆಳದಾಗ, ಒತ್ತಡ ಎರಡು ಪಟ್ಟು ಆಗ್ತದ. ಎದ್ಯಾಗಿನ 6 ಲೀಟರ್ ಗಾಳಿ ಒತ್ತಿ 3 ಲೀಟರ್ ಆಗ್ತದ. ಮ್ಯಾಲ ಬಂದ್ರ ಮತ್ತ 6. ಒಯ್ದಷ್ಟ ತಂದ್ರು, ಲೆಕ್ಕ ಚುಕ್ತಾ.

ಈಗ ನೇತ್ರಾಣಿಗೆ ಬರ್ರಿ. ಅದೇ 10 ಮೀಟರ್ ಕೆಳಗ ರೆಗ್ಯುಲೇಟರ್ ನಿಮಗ ಗಾಳಿ ಕೊಡ್ತದ. ಎಂಥಾ ಗಾಳಿ? ಸುತ್ತಲಿನ ನೀರಿನಷ್ಟೇ ಒತ್ತಡ ಇರೋ ಗಾಳಿ. ಅಲ್ಲಿ ಎದಿ ತುಂಬ ಎಳದ್ರ ಅದೂ 6 ಲೀಟರ್, ಆದ್ರ ಒತ್ತಿದ 6. ಏನೋ ನೋಡಿ ಗಾಬರಿ ಆತು, ಬಾವಿ ರೂಢಿ ಪ್ರಕಾರ ಉಸಿರು ಬಿಗಿದು ಮ್ಯಾಲ ಎದ್ರಿ. ಆ 6 ಲೀಟರ್ ಈಗ 12 ಆಗಾಕ ನೋಡ್ತದ. ಎದಿ ಹಿಡಿಯೋದು 6. ಉಳದದ್ದು ಎಲ್ಲಿ ಹೋಗಬೇಕು? ಶ್ವಾಸಕೋಶ ಹರೀತದ. ಗಾಳಿ ಗುಳ್ಳಿ ರಕ್ತದಾಗ ಸೇರಿ ಮೆದುಳಿಗೆ ಹೋದ್ರ ಲಕ್ವಾ ಹೊಡೀಬಹುದು, ಜೀವಾನೂ ಹೋಗಬಹುದು. ಒತ್ತಡ ಕಡಿಮಿ ಆದಷ್ಟು ಗಾಳಿ ಹಿಗ್ತದ, 1662ರಾಗ ರಾಬರ್ಟ್ ಬಾಯ್ಲ್ ಹೇಳಿದ ನಿಯಮ ಇದೇ, ಸಾಲ್ಯಾಗ ಎಲ್ಲರೂ ಬಾಯಿಪಾಠ ಮಾಡೀವಿ.

ನನಗ ಭಾಳ ಬೆರಗಾಗಿದ್ದು ಇದರ ಮುಂದಿನ ಸಂಗತಿ. 30 ಮೀಟರ್‌ನಿಂದ 20ಕ್ಕ ಬಂದ್ರ ಗಾಳಿ ಹಿಗ್ಗೋದು ಮೂರನೇ ಒಂದು ಪಾಲು. 10ರಿಂದ ಮ್ಯಾಲಕ್ಕ ಬಂದ್ರ ಪೂರಾ ಎರಡು ಪಟ್ಟು. ಅಂದ್ರ ಆಳಕ್ಕಿಂತ ಮ್ಯಾಲಿನ ನೀರೇ ಹೆಚ್ಚಿನ ಅಪಾಯ. ಸಿಲಿಂಡರ್ ಗಾಳಿ ಎದಿ ತುಂಬ ಹಿಡಕೊಂಡು ಬರೇ ಒಂದೂಕಾಲು ಮೀಟರ್ ಮ್ಯಾಲ ಎದ್ರೂ ಶ್ವಾಸಕೋಶ ಹರಿಯೋ ಸಾಧ್ಯತೆ ಅದ. ಒಂದೂಕಾಲು ಮೀಟರ್ ಅಂದ್ರ ಎದಿಮಟ್ಟ ನೀರು! ಬಿಸಿಲು ಕಾಣ್ತದ, ಬೋಟಿನ ತಳ ಕಾಣ್ತದ, 'ಬಂದೇಬಿಟ್ವಿ' ಅಂತ ಮನಸ್ಸು ಓಡೋ ಜಾಗಾನೇ ಅದು.

[ದೃಶ್ಯ: ನೀರೊಳಗ ಒಂದು ಮುಖ, ತುಟಿಯಿಂದ ಸಣ್ಣ ಗುಳ್ಳಿ.]

ನಾನು ಮೊದಲ ಸಲ ಕಲಿಯಾಕ ಹೋದಾಗ ಎದಿಮಟ್ಟ ನೀರಾಗ ಅಭ್ಯಾಸ ಮಾಡಿಸಿದ್ರು. ರೆಗ್ಯುಲೇಟರ್ ಬಾಯಿಂದ ತೆಗೆದು ಮತ್ತ ಹಾಕ್ಕೋಬೇಕು. ತೆಗೆದ ಕೂಡ್ಲೆ ನನ್ನ ತುಟಿ ತಾನೇ ಬಿಗೀತು. ಒಳಗ ಕಾಕಾನ ದನಿ: ಬಿಡಬ್ಯಾಡ. ಕಲಿಸೋ ಹುಡುಗ ಗಡಬಡಿಸಲಿಲ್ಲ. ನನ್ನ ತುಟಿ ಮುಂದ ಬೆರಳು ತಂದು ಅಲ್ಲಾಡಿಸಿದ, ತನ್ನ ಬಾಯಿಂದ ಸಾಸಿವಿ ಕಾಳಿನಂಥ ಗುಳ್ಳಿ ಸಾಲು ಬಿಟ್ಟು ತೋರಿಸಿದ. ಬಾಯಾಗ ರೆಗ್ಯುಲೇಟರ್ ಇಲ್ಲದಾಗೂ ಆ ಸಾಲು ನಿಲ್ಲಬಾರದು. ನನಗ ಅದು ಐದನೇ ಸಲಕ್ಕ ಬಂತು. ಇಪ್ಪತ್ತು ವರ್ಷದ ರೂಢಿ ಅದು, ಬಿಡಸಾಕ ಅಷ್ಟು ಹೊತ್ತರೆ ಬೇಕಲ್ಲ.

ಈಗ ಆ ದೋಸ್ತನ ದಮ್ಮಿಗೆ ಬರ್ತೀನಿ. ದಮ್ಮಿದ್ದಾಗ ಏನಾಗ್ತದ? ಶ್ವಾಸನಾಳ ಸಣ್ಣ ಆಗ್ತದ, ಕಫ ಕಟ್ತದ. ಆತ ಉಸಿರು ಬಿಟ್ಟೀನಿ ಅಂತ ತಿಳಕೊಂಡಿರ್ತಾನ, ಎದಿಯ ಒಂದು ಮೂಲ್ಯಾಗ ಗಾಳಿ ಸಿಕ್ಕೊಂಡೇ ಇರ್ತದ. ಮ್ಯಾಲ ಬರೋವಾಗ ಆ ಗಾಳಿಗೆ ಹೊರಗ ಹೋಗಾಕ ದಾರಿ ಇಲ್ಲ. ಮ್ಯಾಲಾಗಿ ಸಿಲಿಂಡರಿನ ಗಾಳಿ ತಣ್ಣಗ, ಒಣಾ ಒಣಾ, ಅದರಿಂದಲೇ ದಮ್ಮು ಏಳಬಹುದು. ಕಿಸೆದಾಗಿನ ಪಂಪ್ 10 ಮೀಟರ್ ನೀರಿನ ಕೆಳಗ ಕೆಲಸಕ್ಕ ಬರಂಗಿಲ್ಲ ತಮ್ಮಾ.

ಹಂಗಂತ ದಮ್ಮಿದ್ದೋರು ಯಾರೂ ಇಳೀಬಾರದು ಅಂತ ಅಲ್ಲ. ಡಾಕ್ಟರ ಕಡೆ ಹೋಗಿ, ಮಷೀನಿಗೆ ಊದಿ ತೋರಿಸೋ ಸ್ಪೈರೊಮೆಟ್ರಿ ಮಾಡಿಸಿ, ಅವರು ಸಹಿ ಹಾಕಿದ್ರ ಇಳೀಬಹುದು. ಶ್ವಾಸಕೋಶದಿಂದ ತಾನಾಗೇ ಗಾಳಿ ಸೋರಿದ ಇತಿಹಾಸ ಇದ್ದೋರಿಗೆ ಮಾತ್ರ ಸಾಮಾನ್ಯವಾಗಿ ಪರವಾನಗಿ ಸಿಗಂಗಿಲ್ಲ.

[ದೃಶ್ಯ: ಫಾರ್ಮಿನ ಹಾಳಿ, ಪೆನ್ನು.]

ಫಾರ್ಮಿನ ಬಗ್ಗೆ ಒಂದು ಸಿಟ್ಟು ಅದ, ಹೇಳ್ತೀನಿ. ನಾನು ಒಂದು ಸಲ ಹೋದಾಗ ಬೋಟ್ ಹೊಂಟ ಮ್ಯಾಲ ಫಾರ್ಮ್ ಹಂಚಿದ್ರು. ಎಲ್ಲರಿಗೂ ಕೂಡಿ ಒಂದ ಪೆನ್ನು. "ಎಲ್ಲಾ ನೋ ಹಾಕಿಬಿಡ್ರಿ ಸರ್, ಟೈಮ್ ಇಲ್ಲ." ನನ್ನ ಬಾಜೂಕ ಕುಂತ ಹಿರಿಯರೊಬ್ಬರು ದಿನಾ ಬಿಪಿ ಗುಳಿಗಿ ತಗೋತಿದ್ರು, ಅವರೂ 'ನೋ' ಹಾಕಿದ್ರು. ಇದು ಶುದ್ಧ ತಪ್ಪು. ಜಗತ್ತಿನ ಹೆಚ್ಚಿನ ಡೈವಿಂಗ್ ಸಂಸ್ಥೆಗಳು ಬಳಸೋ ಫಾರ್ಮನ್ನ 2020ರಾಗ ಹೊಸದಾಗಿ ಮಾಡ್ಯಾರ, ಮುಖ್ಯ ಪ್ರಶ್ನಿ 10 ಅಷ್ಟ. ಎದಿ, ಹೃದಯ, ಕಿವಿ, ಮೂಗು, ಮೂರ್ಛೆ, ಸಕ್ಕರಿ ಬ್ಯಾನಿ, ಹೋದ ಒಂದು ವರ್ಷದಾಗ ಆದ ಆಪರೇಷನ್, ದಿನಾ ತಗೊಳ್ಳೋ ಗುಳಿಗಿ. 45 ದಾಟಿದೋರಿಗೆ ಇನ್ನಷ್ಟು ಕೇಳ್ತಾರ. 'ಹೌದು' ಅಂದ್ರ ಮನಿಗೆ ಕಳಸಂಗಿಲ್ಲ, ಡಾಕ್ಟರ ಸಹಿ ತರ್ರಿ ಅಂತಾರ. ಅದಕ್ಕ ಫಾರ್ಮ್ ಬೋಟ್‌ದಾಗ ಅಲ್ಲ, ಮನ್ಯಾಗ ತುಂಬಬೇಕು.

ಅದರಾಗ ಒಂದು ಪ್ರಶ್ನಿ ನನಗ ಭಾಳ ಸೇರ್ತದ: 1.6 ಕಿಲೋಮೀಟರ್ 14 ನಿಮಿಷದಾಗ ನಡೀತೀರಾ, ಇಲ್ಲಾ 200 ಮೀಟರ್ ನಿಲ್ಲದ ಈಜ್ತೀರಾ? ನಾಳೆ ಮುಂಜಾನೆ ಅಪ್ಪನ ಕೆರೆ ಕಡೆ ವಾಕಿಂಗ್ ಹೋದಾಗ ಮೊಬೈಲ್‌ದಾಗ ಟೈಮ್ ಹಚ್ಚಿ ನೋಡ್ರಿ. ಮಾತಾಡ್ಕೋತ ನಡಿಯೋ ನಡಿಗಿಗೆ ಆಗಂಗಿಲ್ಲ, ಬೀಸಾಗಿ ನಡೀಬೇಕು.

ಕಿವಿದ್ದು. ನಮ್ಮ ಕಡೆಯವರು ಪ್ರವಾಸ ಹೋಗೋದೇ ತೊಗರಿ ರಾಶಿ ಆದ ಮ್ಯಾಲ, ರೊಕ್ಕ ಕೈಗೆ ಬಂದಾಗ. ಆದ್ರ ರಾಶಿ ಧೂಳಿಗೆ ಅರ್ಧ ಮಂದಿಗೆ ನೆಗಡಿ, ಮೂಗು ಬಂದ್. ಮೂಗು ಬಂದ್ ಆದ್ರ ಕಿವಿಯ ಒಳಗಿನ ನಾಳಾನೂ ಬಂದ್. ಇಳಿಯೋವಾಗ ಮೂಗು ಹಿಡಿದು ಮೆಲ್ಲಗ ಊದಿ ಕಿವಿ ಬಿಡಿಸ್ಕೋಬೇಕು, ನೋವು ಬರೋಕ್ಕಿಂತ ಮೊದಲೇ. ಬಿಡಲಿಲ್ಲ ಅಂದ್ರ ಜೋರು ಮಾಡಬ್ಯಾಡ್ರಿ, ಒಂದು ಮೀಟರ್ ಮ್ಯಾಲ ಬರ್ರಿ. ಗುಳಿಗಿ ತಗೊಂಡು ಮೂಗು ಬಿಡಿಸಿ ಇಳಿಯೋದೂ ಬ್ಯಾಡ. ಕೆಳಗ ಇದ್ದಾಗ ಅದರ ಜೋರು ಇಳದ್ರ, ಮ್ಯಾಲ ಬರೋವಾಗ ಕಿವ್ಯಾಗ ಗಾಳಿ ಸಿಕ್ಕೊಳ್ತದ.

ಟೈಮ್ ಕಡಿಮಿ ಉಳದದ, ಉಳದದ್ದು ಒಂದೇ ಉಸಿರಿಗೆ. ಹಿಂದಿನ ರಾತ್ರಿ ಶೆರೆ ಬ್ಯಾಡ. ಮ್ಯಾಲ ಬರೋ ವೇಗ ನಿಮಿಷಕ್ಕ 9 ಮೀಟರ್ ದಾಟಬಾರದು. ನೀರಾಗ ಹೆಬ್ಬೆಟ್ಟು ಎತ್ತಿದ್ರ 'ಚಲೋ ಅದ' ಅಂತ ಅಲ್ಲ, 'ಮ್ಯಾಲ ಹೋಗೂಣು' ಅಂತ. ಚಲೋ ಅದ ಅನ್ನಾಕ ಹೆಬ್ಬೆಟ್ಟು ತೋರಬೆರಳು ಕೂಡಿಸಿ ಉಂಗುರ ಮಾಡ್ರಿ. ಬೋಟ್ ಹತ್ತೋಕ್ಕಿಂತ ಮೊದಲ "ತುರ್ತಿಗೆ ಆಕ್ಸಿಜನ್ ಅದ ಏನ್ರಿ?" ಅಂತ ಬಾಯಿಬಿಟ್ಟು ಕೇಳ್ರಿ, ನಾಚಿಕಿ ಬ್ಯಾಡ.

ಇನ್ನ ವಾಪಸ್ ಬರೋ ದಾರಿ. ನೀರಾಗ ರಕ್ತದಾಗ ಕರಗಿದ ಸಾರಜನಕ ಹೊರಗ ಹೋಗಾಕ ಹೊತ್ತು ಬೇಕು. ಲಗೂನ ಎತ್ತರಕ್ಕ ಹೋದ್ರ ಸೋಡಾ ಬಾಟ್ಲಿ ಬಿರಡಿ ತೆಗೆದಂಗ ಗುಳ್ಳಿ ಏಳ್ತಾವ. ಅದಕ್ಕ ಒಂದೇ ಡೈವ್ ಆದ್ರ ಕನಿಷ್ಠ 12 ತಾಸು, ಹೆಚ್ಚು ಡೈವ್ ಆದ್ರ ಕನಿಷ್ಠ 18 ತಾಸು ವಿಮಾನ ಹತ್ತಬಾರದು. ವಿಮಾನ ಬ್ಯಾಡ, ಗಾಡ್ಯಾಗ ಬರ್ತೀವಿ ಅಂತೀರಿ. ಈ ನಿಯಮ ಲೆಕ್ಕಕ್ಕ ಹಿಡಿಯೋದು ಸುಮಾರು 600 ಮೀಟರ್ ಎತ್ತರದಿಂದ. ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದ್ರ 600 ದಾಟೇ ಬಿಟ್ರಿ, ಬೀದರ್ ಊರೇ ಅದಕ್ಕಿಂತ ಮ್ಯಾಲ ಅದ. ನನ್ನ ಮಾತು ಕೇಳಿದ್ರ ಆ ರಾತ್ರಿ ಮುರುಡೇಶ್ವರದಾಗ ಉಳೀರಿ, ಮರುದಿನ ಹೊಂಡ್ರಿ.

[ದೃಶ್ಯ: ಮೊಬೈಲ್ ಪರದೆ, ಮೆಸೇಜ್.]

ಇಷ್ಟೂ ಆ ತಮ್ಮಗ ಫೋನ್ ಮಾಡಿ ಹೇಳೀನಿ. ನಿನ್ನೆ ಮತ್ತ ಮೆಸೇಜ್ ಬಂತು: "ಅಣ್ಣಾ, ಗಾಡಿ ಒಂದು ದಿನ ಹೆಚ್ಚಿಗಿ ಮಾತಾಡೀವಿ. ದಮ್ಮಿದ್ದಾಂವ ಸೋಮವಾರ ದವಾಖಾನಿಗೆ ಊದಾಕ ಹೊಂಟಾನ. ಡಾಕ್ಟರ್ ಬ್ಯಾಡ ಅಂದ್ರ ಬೋಟ್‌ದಾಗ ಕುಂತು ನಮ್ಮ ಫೋಟೋ ತೆಗೀತಾನಂತ."