‘ನನಗೇನೂ ಆಗ್ತಿಲ್ವಲ್ಲ ಡಾಕ್ಟ್ರೇ!’

ಎಲ್ಲರಿಗೂ ನಮಸ್ಕಾರ.

ನನ್ನ ಹತ್ತಿರ ಬರುವವರು ಪದೇ ಪದೇ ಹೇಳುವ ಒಂದು ಮಾತಿನಿಂದಲೇ ಶುರು ಮಾಡುತ್ತೇನೆ. ಬಿಪಿ ನೋಡಿ, ‘ಸ್ವಲ್ಪ ಜಾಸ್ತಿ ಇದೆ, ಮಾತ್ರೆ ಬೇಕಾಗುತ್ತದೆ’ ಅಂದ ಕೂಡಲೇ ಎದುರಿಗೆ ಕೂತವರ ಮುಖ ಬಾಡುತ್ತದೆ. ‘ನನಗೇನೂ ಆಗ್ತಿಲ್ವಲ್ಲ ಡಾಕ್ಟ್ರೇ! ಮೆಟ್ಟಿಲು ಹತ್ತುತ್ತೇನೆ, ಚೆನ್ನಾಗಿ ನಿದ್ದೆ ಬರುತ್ತೆ, ಎದೆ ನೋವಿಲ್ಲ. ಮತ್ಯಾಕೆ ಮಾತ್ರೆ?’

ಅವರು ಹೇಳುವುದು ಸುಳ್ಳಲ್ಲ. ಅವರಿಗೆ ನಿಜವಾಗಿಯೂ ಏನೂ ಗೊತ್ತಾಗುತ್ತಿರುವುದಿಲ್ಲ. ಹಲ್ಲು ಹುಳುಕಾದರೆ ನೋಯುತ್ತದೆ. ಕಾಲಿಗೆ ಮುಳ್ಳು ಚುಚ್ಚಿದರೆ ನೋಯುತ್ತದೆ. ಬಿಪಿ ಏರಿ ರಕ್ತನಾಳ ಹಾಳಾಗುವಾಗ ಮಾತ್ರ ನೋಯುವುದಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ಕಳೆದರೂ ನೋಯುವುದಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೊಂದೇ ವಿಷಯ. ಉಳಿದದ್ದೆಲ್ಲ ಇದರ ಸುತ್ತಲೇ ಬರುತ್ತದೆ.

ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಹೆಸರು ಕೇಳಿರುತ್ತೀರಿ. ಎರಡನೇ ಮಹಾಯುದ್ಧದ ಸಮಯ ಅದು. 1944ರ ಮಾರ್ಚಿನಲ್ಲಿ ಹೃದಯ ತಜ್ಞರೊಬ್ಬರು ಅವರನ್ನು ಪರೀಕ್ಷೆ ಮಾಡಿದಾಗ ಬಿಪಿ 186/108 ಇತ್ತು. ಹೃದಯ ಆಗಲೇ ದೊಡ್ಡದಾಗಿತ್ತು. ಒಂದು ವರ್ಷ ಹೇಗೋ ನಡೆಯಿತು. 1945ರ ಏಪ್ರಿಲ್ 12ರಂದು ಕುರ್ಚಿಯಲ್ಲಿ ಕೂತಿದ್ದವರು ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಎಂದರು, ಅಲ್ಲೇ ಕುಸಿದರು. ಆಗ ನೋಡಿದ ಬಿಪಿ 300/190. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಅವತ್ತೇ ತೀರಿಕೊಂಡರು. ವಯಸ್ಸು 63.

ವೈದ್ಯರ ಮೇಲೆ ಸಿಟ್ಟಾಗಬೇಡಿ. ವಯಸ್ಸಾದಂತೆ ಬಿಪಿ ಏರುವುದು ಸಹಜ, ಗಟ್ಟಿಯಾದ ರಕ್ತನಾಳಗಳಲ್ಲಿ ರಕ್ತ ಹರಿಯಬೇಕಾದರೆ ಅಷ್ಟು ಒತ್ತಡ ಬೇಕೇ ಬೇಕು ಎಂದು ಆಗ ಎಷ್ಟೋ ದೊಡ್ಡ ವೈದ್ಯರೂ ನಂಬಿದ್ದರು. ಇಳಿಸೋಣ ಅಂದರೆ ಒಳ್ಳೆಯ ಮಾತ್ರೆಗಳೂ ಇರಲಿಲ್ಲ. ಇವತ್ತು ನಮ್ಮ ಕೈಯಲ್ಲಿ ತಿಳಿವಳಿಕೆಯೂ ಇದೆ, ಮಾತ್ರೆಯೂ ಇದೆ. ಆದರೂ ‘ವಯಸ್ಸಾಯ್ತಲ್ಲ, ಇಷ್ಟು ಬಿಪಿ ಇರುತ್ತೆ ಬಿಡಿ’ ಎನ್ನುವ ಮಾತು ನಿಂತಿಲ್ಲ. ಇದು ನನಗೆ ತುಂಬಾ ಬೇಸರ ತರುವ ಸಂಗತಿ.

ಆ ತಿಳಿವಳಿಕೆ ಎಲ್ಲಿಂದ ಬಂತು? ರೂಸ್‌ವೆಲ್ಟ್ ತೀರಿಕೊಂಡ ಮೂರು ವರ್ಷಕ್ಕೆ, 1948ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ಅಧ್ಯಯನ ಶುರುವಾಯಿತು. 30ರಿಂದ 62 ವರ್ಷದ 5,209 ಜನ ಸೇರಿದರು. ಆಗ ಅವರಲ್ಲಿ ಯಾರಿಗೂ ಹಾರ್ಟ್ ಅಟ್ಯಾಕ್ ಆಗಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಅವರ ಬಿಪಿ, ಕೊಲೆಸ್ಟರಾಲ್, ತೂಕ, ಸಿಗರೇಟು ಸೇದುವ ಅಭ್ಯಾಸ ಎಲ್ಲವನ್ನೂ ಬರೆದಿಟ್ಟರು. ಆಮೇಲೆ ಕಾದರು. ಯಾರಿಗೆ ಹೃದಯದ ಕಾಯಿಲೆ ಬರುತ್ತದೆ, ಅವರಲ್ಲಿ ಮೊದಲೇ ಏನಿತ್ತು ಎಂದು ನೋಡುತ್ತ ಹೋದರು. ಕಾಯಿಲೆ ಬರುವ ಅಪಾಯ ಹೆಚ್ಚಿಸುವ ಅಂಶಕ್ಕೆ ಇವತ್ತು ನಾವು ಸಲೀಸಾಗಿ ‘ರಿಸ್ಕ್ ಫ್ಯಾಕ್ಟರ್’ ಅನ್ನುತ್ತೇವಲ್ಲ, ಆ ಮಾತು ಬಳಕೆಗೆ ಬಂದದ್ದು 1961ರಲ್ಲಿ ಈ ತಂಡ ಪ್ರಕಟಿಸಿದ ಲೇಖನದಿಂದ. ಆ ಊರಿನವರ ಮಕ್ಕಳು, ಮೊಮ್ಮಕ್ಕಳು ಕೂಡ ಆಮೇಲೆ ಅಧ್ಯಯನಕ್ಕೆ ಸೇರಿದರು. ನಮ್ಮ ಬಿಪಿ ನೋಡಿ ಇಂಥದ್ದು ಆಗಬಹುದು ಎಂದು ಇವತ್ತು ವೈದ್ಯರು ಮುಂಚೆಯೇ ಹೇಳುತ್ತಾರೆ ಅಂದರೆ, ಅದರ ಹಿಂದೆ ಆ ಜನರ ತಾಳ್ಮೆ ಇದೆ.

ಈಗ ರಕ್ತನಾಳದೊಳಗೆ ಹೋಗೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಸುಮ್ನೆ ಕೂತಿದ್ದರೂ ನಿಮಿಷಕ್ಕೆ 5 ಲೀಟರಿನಷ್ಟು ರಕ್ತ ತಳ್ಳುತ್ತದೆ. ಇಷ್ಟು ದುಡಿಯುವ ಸ್ನಾಯುವಿಗೂ ರಕ್ತ ಬೇಕಲ್ವಾ? ಅದನ್ನು ತಲುಪಿಸುವುದು ಹೃದಯದ ಮೇಲೆ ಹಬ್ಬಿರುವ ಕೊರೊನರಿ ನಾಳಗಳು. ದೊಡ್ಡವು ಅಂದರೂ ಅವುಗಳ ಒಳಗಿನ ಅಗಲ 3–4 ಮಿಲಿಮೀಟರ್ ಅಷ್ಟೇ.

ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ ಕೊಬ್ಬು ಒಳಗೆ ಅಂಟಿಕೊಳ್ಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕೊಬ್ಬು ಸೇರುವುದು ನಾಳದ ಗೋಡೆಯೊಳಗೆ. ನಾಳದ ಒಳಮೈಗೆ ಒಂದು ತೆಳ್ಳಗಿನ ಪೊರೆ ಇದೆ. ಹೆಚ್ಚಿದ ಬಿಪಿ, ಸಿಗರೇಟಿನ ಹೊಗೆ, ಏರಿದ ಸಕ್ಕರೆ ಎಲ್ಲವೂ ಅದನ್ನು ಕೆಡಿಸುತ್ತವೆ. ಆಗ ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೊಲೆಸ್ಟರಾಲ್ ಕಣಗಳು ಪೊರೆ ದಾಟಿ ಒಳಗೆ ಸಿಕ್ಕಿಕೊಳ್ಳುತ್ತವೆ. ಅವನ್ನು ತಿಂದು ಹಾಕಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ತಿಂದು ಉಬ್ಬಿ ಅಲ್ಲೇ ಸಾಯುತ್ತವೆ. ಚರ್ಮದ ಕೆಳಗೆ ಕುರು ಆಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಒಳಗೆ ಮೆತ್ತನೆಯ ಕೊಬ್ಬು, ಮೇಲೆ ಒಂದು ಮುಚ್ಚಳ. ಇದಕ್ಕೆ ಪ್ಲಾಕ್ ಅನ್ನುತ್ತೇವೆ.

ಒಂದು ದಿನ ಆ ಮುಚ್ಚಳ ಹರಿಯುತ್ತದೆ. ದೇಹಕ್ಕೆ ಅದು ಗಾಯ. ಗಾಯವಾದಲ್ಲಿ ರಕ್ತ ಹೆಪ್ಪುಗಟ್ಟಿಸುವುದು ದೇಹದ ಗುಣ. ಕೈ ಕೊಯ್ದುಕೊಂಡಾಗ ಜೀವ ಉಳಿಸುವ ಅದೇ ಗುಣ ಇಲ್ಲಿ ಪ್ರಾಣಕ್ಕೆ ಬರುತ್ತದೆ. ಕೆಲವೇ ನಿಮಿಷಗಳಲ್ಲಿ ಹೆಪ್ಪು ನಾಳವನ್ನು ಮುಚ್ಚುತ್ತದೆ. ಮುಂದಿನ ಸ್ನಾಯು ಸಾಯಲು ಶುರುವಾಗುತ್ತದೆ. ಇದೇ ಹಾರ್ಟ್ ಅಟ್ಯಾಕ್. ಮಿದುಳಿಗೆ ಹೋಗುವ ನಾಳ ಹೀಗೆ ಮುಚ್ಚಿಕೊಂಡರೆ ಲಕ್ವ ಹೊಡೆಯುತ್ತದೆ.

ಇದರಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಒಡೆಯುವ ಪ್ಲಾಕ್ ದೊಡ್ಡದೇ ಆಗಿರಬೇಕು ಅಂತಿಲ್ಲ. ನಾಳವನ್ನು ಅರ್ಧ ಕೂಡ ಮುಚ್ಚದ, ಆದರೆ ಮುಚ್ಚಳ ತೆಳುವಾಗಿರುವ ಪ್ಲಾಕ್ ಕೂಡ ಒಡೆಯಬಹುದು. ಅಷ್ಟು ಚಿಕ್ಕದಿದ್ದರೆ ಓಡಿದರೂ ಎದೆ ನೋಯುವುದಿಲ್ಲ, ಇಸಿಜಿಯಲ್ಲಿ ಕಾಣುವುದಿಲ್ಲ, ಟ್ರೆಡ್‌ಮಿಲ್ ಪರೀಕ್ಷೆಯೂ ಸರಿಯಾಗಿರಬಹುದು. ‘ಮೊನ್ನೆ ತಾನೇ ಇಸಿಜಿ ನಾರ್ಮಲ್ ಬಂದಿತ್ತಲ್ಲ!’ ಎಂದು ಮನೆಯವರು ಅಳುವುದನ್ನು ನಾನು ನೋಡಿದ್ದೇನೆ. ಇಸಿಜಿ ಆ ಹೊತ್ತಿನ ಹೃದಯವನ್ನು ತೋರಿಸುತ್ತದೆ. ಗೋಡೆಯೊಳಗಿನ ಕುರುವನ್ನು ಅದು ತೋರಿಸಲಾರದು.

ಇದು ಯಾವ ವಯಸ್ಸಿಗೆ ಶುರುವಾಗುತ್ತದೆ? ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿ 1953ರಲ್ಲಿ ವರದಿ ಬಂತು. ಅವರ ಸರಾಸರಿ ವಯಸ್ಸು 22. ಗಟ್ಟಿಮುಟ್ಟಾದ ಹುಡುಗರು. ಅವರಲ್ಲಿ ನೂರಕ್ಕೆ 77 ಜನರ ಕೊರೊನರಿ ನಾಳಗಳಲ್ಲಿ ಕಾಯಿಲೆಯ ಗುರುತು ಇತ್ತು. 22ನೇ ವಯಸ್ಸು! ಈ ಸಭೆಯಲ್ಲಿರುವ ಯುವಕರು, ಯುವತಿಯರು ಇದು ಅಪ್ಪ ಅಮ್ಮನ ವಿಷಯ ಎಂದುಕೊಂಡು ಮೊಬೈಲ್ ನೋಡುತ್ತಿದ್ದರೆ, ಇದು ನಿಮಗೇ ಹೇಳುತ್ತಿರುವ ಮಾತು.

ಸಮಾಧಾನದ ಸಂಗತಿಯೂ ಇದೆ. 2004ರಲ್ಲಿ ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದದ್ದು. ಮೊದಲ ಸಲದ ಹಾರ್ಟ್ ಅಟ್ಯಾಕ್‌ನ ಅಪಾಯದಲ್ಲಿ ನೂರಕ್ಕೆ 90ರಷ್ಟನ್ನು ಒಂಬತ್ತು ಅಂಶಗಳಿಂದಲೇ ವಿವರಿಸಬಹುದು ಎಂದು ಅದು ತೋರಿಸಿತು. ತಂಬಾಕು, ಕೊಬ್ಬಿನ ಏರುಪೇರು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಅಲುಗಿಸದಿರುವುದು, ಮದ್ಯಪಾನ. ಇವುಗಳಲ್ಲಿ ಬಹುಪಾಲು ನಾವು ಕೈ ಹಾಕಬಹುದಾದಂಥವೇ.

ಎಲ್ಲದರ ಬಗ್ಗೆ ಮಾತಾಡಲು ಸಮಯ ಇಲ್ಲ. ಬಿಪಿಯನ್ನು ಮಾತ್ರ ಬಿಡುವುದಿಲ್ಲ. ಅದನ್ನು ಅಳೆಯುವುದರಲ್ಲೇ ನಾವು ಎಷ್ಟು ತಪ್ಪು ಮಾಡುತ್ತೇವೆ! ಓಡೋಡಿ ಬಂದು ಕೂತ ತಕ್ಷಣ, ಮಾತಾಡುತ್ತಲೇ, ದಪ್ಪ ತೋಳಿನ ಅಂಗಿಯ ಮೇಲೆಯೇ ಪಟ್ಟಿ ಕಟ್ಟಿದರೆ ಬರುವ ಅಂಕಿ ನಿಮ್ಮದಲ್ಲ. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟದಲ್ಲಿರಲಿ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಸಿಗರೇಟು ಎರಡೂ ಬೇಡ. ಮೂತ್ರ ಕಟ್ಟಿಕೊಂಡು ಕೂರಬೇಡಿ, ಅದಕ್ಕೂ ಬಿಪಿ ಏರುತ್ತದೆ. ಒಂದೇ ಸಲ ನೋಡಿ ಗಾಬರಿಯಾಗುವುದೂ ಬೇಡ, ನಿಶ್ಚಿಂತೆಯಾಗುವುದೂ ಬೇಡ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಬಿಪಿ ಕಾಯಿಲೆ. ಸಕ್ಕರೆ ಕಾಯಿಲೆ ಇರುವವರಿಗೆ ಇದಕ್ಕಿಂತ ಕಡಿಮೆ ಅಂಕಿಯಲ್ಲೇ ವೈದ್ಯರು ಎಚ್ಚರಿಸಬಹುದು. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಮ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಪೊಟ್ಟಣಗಳಲ್ಲಿ ಬರುವ ತಿಂಡಿಯ ಉಪ್ಪೂ ಇದರಲ್ಲೇ ಸೇರಬೇಕು.

ಮಾತ್ರೆ ಶುರು ಮಾಡಿ ಬಿಪಿ ಸರಿಯಾದ ಮೇಲೆ ‘ವಾಸಿಯಾಯ್ತು’ ಎಂದು ನಿಲ್ಲಿಸುವವರು ಬಹಳ. ಅದು ಸರಿಯಾಗಿರುವುದೇ ಮಾತ್ರೆಯಿಂದ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ದಯವಿಟ್ಟು.

ತಂಬಾಕಿನ ಬಗ್ಗೆ ಒಂದೇ ಮಾತು. ‘ಮೊದಲು ಒಂದು ಪ್ಯಾಕ್ ಸೇದುತ್ತಿದ್ದೆ, ಈಗ ದಿನಕ್ಕೆ ಒಂದೇ’ ಎನ್ನುವವರ ಪ್ರಯತ್ನಕ್ಕೆ ನನ್ನ ಗೌರವ ಇದೆ. ಆದರೆ ಹೃದಯದ ಲೆಕ್ಕ ಬೇರೆ. ದಿನಕ್ಕೆ 20 ಸೇದುವವರಿಗೆ ಇರುವ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಸೇದುವವರಿಗೂ ಇರುತ್ತದೆ ಎಂದು 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡುಬಂತು. ಆ ಕೊನೆಯ ಒಂದನ್ನೂ ಬಿಡಬೇಕು.

ಕೊಲೆಸ್ಟರಾಲ್ ಅಂದರೆ ದಪ್ಪಗಿರುವವರ ಕಾಯಿಲೆ ಎಂಬ ತಪ್ಪು ಕಲ್ಪನೆ ಇದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುತ್ತದೆ. ಸಣಕಲಾಗಿದ್ದರೂ ಇರುತ್ತದೆ, ಏನು ಪಥ್ಯ ಮಾಡಿದರೂ ಸಾಕಷ್ಟು ಇಳಿಯುವುದಿಲ್ಲ. ನಿಮ್ಮ ತಂದೆಗೋ ಅಣ್ಣ ತಮ್ಮಂದಿರಿಗೋ 55ರ ಒಳಗೆ, ತಾಯಿಗೋ ಅಕ್ಕ ತಂಗಿಯರಿಗೋ 65ರ ಒಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ನೀವು ಎಷ್ಟೇ ಚೆನ್ನಾಗಿದ್ದರೂ ರಕ್ತ ಪರೀಕ್ಷೆ ಮಾಡಿಸಿ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಬಗ್ಗೆ ಜನರಲ್ಲಿ ಭಯ ಇದೆ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ 1970ರ ದಶಕದಲ್ಲಿ ಬೂಷ್ಟಿನಲ್ಲಿ ಹುಡುಕಿ ತೆಗೆದ ವಸ್ತುವಿನಿಂದ ಶುರುವಾದ ಮಾತ್ರೆಗಳಿವು. 4,444 ಹೃದ್ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಸಾವು ನೂರಕ್ಕೆ 30ರಷ್ಟು ಕಡಿಮೆಯಾಯಿತು. ಮೈಕೈ ನೋವು ಬಂದರೆ ವೈದ್ಯರಿಗೆ ಹೇಳಿ. ಪ್ರಮಾಣ ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್ ವಿಷಯ ಮಾತ್ರ ಬೇರೆ. ಹೃದಯದ ಕಾಯಿಲೆ ಇಲ್ಲದವರು ಮುನ್ನೆಚ್ಚರಿಕೆ ಎಂದು ತಾವಾಗಿಯೇ ದಿನಾ ನುಂಗಬಾರದು. ಹೊಟ್ಟೆಯಲ್ಲಿ, ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಇದೆ.

ಹೆಣ್ಣುಮಕ್ಕಳ ವಿಷಯ ಇಂಥ ಸಭೆಗಳಲ್ಲಿ ಯಾವಾಗಲೂ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಗರ್ಭಿಣಿಯಾಗಿದ್ದಾಗ ಬಿಪಿ ಅಥವಾ ಸಕ್ಕರೆ ಏರಿದ್ದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. ಹೆರಿಗೆಯಾದ ಮೇಲೆ ಸರಿಹೋಯಿತು ಎಂದು ಮರೆತುಬಿಡುತ್ತೇವೆ. ದಯವಿಟ್ಟು ಮರೆಯಬೇಡಿ, ವರ್ಷಕ್ಕೊಮ್ಮೆ ನೋಡಿಸಿ. ಮುಟ್ಟು ನಿಂತ ಮೇಲಂತೂ ತಪ್ಪದೆ ನೋಡಿಸಿ.

ಓಡಾಟದ ಬಗ್ಗೆ ಒಂದು ಚೆಂದದ ಅಧ್ಯಯನ ಇದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದರು, ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಇಬ್ಬರದೂ ಒಂದೇ ಬಸ್ಸು, ಒಂದೇ ರಸ್ತೆ. ಜೆರ್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ತಂಡ ಲೆಕ್ಕ ಹಾಕಿ 1953ರಲ್ಲಿ ಪ್ರಕಟಿಸಿದರು: ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ, ಬಂದರೂ ಅಷ್ಟು ಮಾರಕವಲ್ಲ. ಅವರು ಯಾರೂ ವ್ಯಾಯಾಮ ಅಂತ ಮಾಡಿದ್ದಲ್ಲ, ಕೆಲಸ ಮಾಡಿದ್ದು ಅಷ್ಟೇ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಸಾಕು. ಹಾಡಲು ಆಗಬಾರದು, ಮಾತಾಡಲು ಆಗಬೇಕು, ಅಷ್ಟು ವೇಗ.

ಇಷ್ಟೆಲ್ಲ ಮಾಡಿದರೂ ಒಂದು ರಾತ್ರಿ ಎದೆ ಹಿಡಿದುಕೊಳ್ಳಬಹುದು. ಆಗ ಏನು ಮಾಡಬೇಕು? ನನ್ನ ತಂದೆಗೆ ಹಾಗಾದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಎದೆಯ ಮೇಲೆ ಕಲ್ಲು ಇಟ್ಟ ಹಾಗಿದೆ ಎಂದರು, ಬೆವರುತ್ತಿದ್ದರು. ‘ಗ್ಯಾಸ್ ಇರಬೇಕು, ಬೆಳಗ್ಗೆ ನೋಡೋಣ’ ಎಂದು ಅವರೇ ಹೇಳಿದರು. ನಾವೂ ಒಪ್ಪಿದೆವು. ಬೆಳಗಾಗುವಷ್ಟರಲ್ಲಿ ಹೃದಯದ ದೊಡ್ಡ ಭಾಗ ಸತ್ತಿತ್ತು. ಆಮೇಲೆ ನಾಲ್ಕು ವರ್ಷ ಬದುಕಿದರು, ಆದರೆ ಅಂಗಳ ದಾಟಲು ಎರಡು ಸಲ ಕೂರುತ್ತಿದ್ದರು. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕೂತು ಹೇಳಲು ಯಾರಿಗೂ ಸಾಧ್ಯವಿಲ್ಲ, ನನಗೂ ಸಾಧ್ಯವಿಲ್ಲ. ಎದೆ ಬಿಗಿತ, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ವಾಕರಿಕೆ, ಕಾರಣವಿಲ್ಲದ ವಿಪರೀತ ಸುಸ್ತು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆ ನೋವೇ ಇಲ್ಲದೆ ಉಳಿದವಷ್ಟೇ ಬರಬಹುದು. ಆಂಬುಲೆನ್ಸ್ ಕರೆಯಿರಿ. ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಮುಚ್ಚಿದ ನಾಳವನ್ನು ಮೊದಲ ಒಂದೆರಡು ಗಂಟೆಯಲ್ಲಿ ತೆರೆದರೆ ಉಳಿಯುವ ಸ್ನಾಯು, ಆರು ಗಂಟೆ ತಡವಾದರೆ ಉಳಿಯುವುದಿಲ್ಲ. ಆಸ್ಪತ್ರೆಗೆ ಹೋದ ಮೇಲೆ ಅದು ಗ್ಯಾಸೇ ಎಂದು ಗೊತ್ತಾದರೆ ಸಂತೋಷವಾಗಿ ವಾಪಸ್ ಬನ್ನಿ. ಯಾವ ವೈದ್ಯರೂ ಬೈಯುವುದಿಲ್ಲ.

ಪಕ್ಕದ ಕೋಣೆಯಲ್ಲಿ ಎರಡು ಬಿಪಿ ಯಂತ್ರ ಇಟ್ಟಿದ್ದೇವೆ. ನೀವೆಲ್ಲ ಇಷ್ಟು ಹೊತ್ತು ಸುಮ್ಮನೆ ಕೂತಿದ್ದೀರಿ, ಅಳೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ತನಗೇನೂ ಆಗುತ್ತಿಲ್ಲ ಎನ್ನುವವರು ಮೊದಲು ಹೋಗಿ. ಉಳಿದವರ ಪ್ರಶ್ನೆಗಳಿಗೆ ನಾನು ಇಲ್ಲೇ ಇರುತ್ತೇನೆ.